ಬಿಳಿಯ ರಕ್ತಕಣದ ಮೇಲ್ಮೈ: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಕ್ಷ್ಯವನ್ನು ಕುರಿತು

ರಕ್ತಕಣಗಳನ್ನು ಕುರಿತು ಬರೆಯುವ ಅಧಿಕಾರ ಚರಿತ್ರೆಯ ಅಧ್ಯಾಪಕನೊಬ್ಬನಿಗೆ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ವೈದ್ಯಶಾಸ್ತ್ರದಲ್ಲಿ ಈ ಲೇಖಕನಿಗೆ ವಿಶೇಷ ಪ್ರವೇಶವಿಲ್ಲ. ಆದರೆ ವಿಜ್ಞಾನದ ಚರಿತ್ರೆಯನ್ನು ಓದುತ್ತಿದ್ದಾಗ, ಬಿಳಿಯ ರಕ್ತಕಣದ ಮೇಲ್ಮೈ ನಯವಾಗಿದೆಯೋ ಒರಟಾಗಿದೆಯೋ ಎಂಬ ಚಿಕ್ಕ ಪ್ರಶ್ನೆಯ ಸುತ್ತ ೧೯೭೦ರ ದಶಕದಲ್ಲಿ ನಡೆದ ವಾದವೊಂದು ಕಣ್ಣಿಗೆ ಬಿದ್ದಿತು. ನಮ್ಮ ಶಾಸ್ತ್ರದ ಹಳೆಯ ಸಮಸ್ಯೆಯೇ ಅಲ್ಲಿ ಬೇರೊಂದು ವೇಷದಲ್ಲಿ ನಿಂತಿತ್ತು. ಆಕರವೊಂದು ನಮಗೆ ಹೇಳುವ ಮಾತಿನಲ್ಲಿ ಮೂಲವಸ್ತುವಿನ ಪಾಲು ಎಷ್ಟು, ಅದನ್ನು ನಮ್ಮವರೆಗೆ ತಲುಪಿಸಿದ ಕೈಗಳ ಪಾಲು ಎಷ್ಟು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪ್ರಕೃತ ವಿಷಯವನ್ನು ವಿವರಿಸಲು ಯತ್ನಿಸುತ್ತೇನೆ.

ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣಗಳು ಸುಮಾರು ೫೦ ಲಕ್ಷವಿದ್ದರೆ ಬಿಳಿಯ ಕಣಗಳು ೪,೦೦೦ದಿಂದ ೧೧,೦೦೦ದವರೆಗೆ ಮಾತ್ರ ಇರುತ್ತವೆ. ಅವುಗಳಲ್ಲಿಯೂ ಹಲವು ಜಾತಿಗಳುಂಟು. ರೋಗಾಣುಗಳನ್ನು ನುಂಗುವ ನ್ಯೂಟ್ರೋಫಿಲ್‌ಗಳು, ಮಾನೋಸೈಟ್‌ಗಳು, ರೋಗನಿರೋಧದ ನೆನಪನ್ನು ಕಾಪಾಡಿಕೊಂಡು ಬರುವ ಲಿಂಫೋಸೈಟ್‌ಗಳು ಮುಖ್ಯವಾದುವು. ಇವನ್ನು ವಿಂಗಡಿಸುವ ಕ್ರಮವನ್ನು ಜರ್ಮನಿಯ ಪಾಲ್ ಎರ್ಲಿಕ್ ಎಂಬ ವಿಜ್ಞಾನಿಯು ೧೯ನೆಯ ಶತಮಾನದ ಕೊನೆಯ ದಶಕಗಳಲ್ಲಿ ರೂಪಿಸಿದನು. ಗಾಜಿನ ಮೇಲೆ ರಕ್ತವನ್ನು ತೆಳ್ಳಗೆ ಸವರಿ, ಒಣಗಿಸಿ, ಬಣ್ಣಗಳನ್ನು ಹಾಕಿದರೆ ಕಣಗಳ ಒಳಗಿನ ಕೇಂದ್ರವೂ ಹರಳುಗಳೂ ಬೇರೆಬೇರೆ ಬಣ್ಣಗಳನ್ನು ಹಿಡಿಯುತ್ತವೆ. ಇಂದಿಗೂ ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ಈ ಕ್ರಮವು ಬಳಕೆಯಲ್ಲಿದೆ. ಆದರೆ ಬಣ್ಣ ಹಿಡಿಯುವುದು ಒಳಗಿನ ವಸ್ತುಗಳು. ಕಣದ ಹೊರಮೈಯ ವಿಷಯದಲ್ಲಿ ಈ ಲೇಪವು ಬಹುಮಟ್ಟಿಗೆ ಮೌನವಾಗಿದೆ. ಅಷ್ಟೇ ಅಲ್ಲ, ದ್ರವದಲ್ಲಿ ತೇಲುವಾಗ ೮-೯ ಮೈಕ್ರಾನ್ ಅಡ್ಡಳತೆಯ ಗೋಳವಾಗಿರುವ ನ್ಯೂಟ್ರೋಫಿಲ್ ಕಣವು ಗಾಜಿನ ಮೇಲೆ ಚಪ್ಪಟೆಯಾಗಿ ೧೨-೧೫ ಮೈಕ್ರಾನ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪಠ್ಯಪುಸ್ತಕಗಳು ಕಣದ ಗಾತ್ರವೆಂದು ಕೊಡುವ ಅಂಕಿ ಅನೇಕ ವೇಳೆ ಈ ಎರಡನೆಯದೇ ಆಗಿರುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು.

ಹೊರಮೈಯ ವಿಷಯ ಇಷ್ಟು ಮುಖ್ಯವೇಕೆಂದರೆ, ಬಿಳಿಯ ಕಣವು ತನ್ನ ಕೆಲಸವನ್ನೆಲ್ಲ ಮಾಡುವುದು ಹೊರಮೈಯಿಂದಲೇ. ೧೮೮೨ರಲ್ಲಿ ಸಿಸಿಲಿ ದ್ವೀಪದ ಮೆಸಿನಾ ಪಟ್ಟಣದಲ್ಲಿ ರಷ್ಯದ ಜೀವವಿಜ್ಞಾನಿ ಮೆಚ್ನಿಕಾಫನು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಮುಳ್ಳೊಂದನ್ನು ಚುಚ್ಚಿ, ಮರುದಿನ ಬೆಳಗ್ಗೆ ಅದರ ಸುತ್ತ ಚಲಿಸುವ ಕಣಗಳು ಮುತ್ತಿಕೊಂಡಿರುವುದನ್ನು ಕಂಡನು. ಮುತ್ತುವುದು, ಅಂಟುವುದು, ತೆವಳುವುದು, ನುಂಗುವುದು, ಇವೆಲ್ಲ ಮೇಲ್ಮೈಯ ವ್ಯಾಪಾರಗಳು. ವೇಗವಾಗಿ ಹರಿಯುವ ರಕ್ತದಲ್ಲಿ ಉರುಳಿಕೊಂಡು ಹೋಗುತ್ತಿರುವ ಕಣವು ಬೇಕಾದ ಎಡೆಯಲ್ಲಿ ನಾಳದ ಗೋಡೆಯನ್ನು ಹಿಡಿದು ನಿಲ್ಲಬೇಕು, ಗೋಡೆಯನ್ನು ದಾಟಿ ಗಾಯದ ಕಡೆಗೆ ನಡೆಯಬೇಕು. ಹಿಡಿಯುವುದಕ್ಕೆ ಅದಕ್ಕೆ ಏನಿದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಬೆಳಕಿನ ಸೂಕ್ಷ್ಮದರ್ಶಕವು ಉತ್ತರ ಹೇಳಲಾರದು. ಮಸೂರಗಳನ್ನು ಎಷ್ಟೇ ನುಣುಪಾಗಿ ಅರೆದರೂ ಬೆಳಕಿನ ಅಲೆಯುದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲು ಸಾಧ್ಯವಿಲ್ಲವೆಂದು ಅರ್ನ್ಸ್ಟ್ ಆಬೆಯು ೧೮೭೩ರಲ್ಲಿಯೇ ಸಿದ್ಧಪಡಿಸಿದ್ದನು. ಈ ಎಲ್ಲೆಯು ಮೈಕ್ರಾನಿನ ಐದರಲ್ಲೊಂದು ಪಾಲಿನಷ್ಟಿದೆ. ಬಿಳಿಯ ಕಣದ ಮೇಲಿನ ಬೆರಳಿನಾಕಾರದ ಚಾಚುಗಳಾದರೋ ಮೈಕ್ರಾನಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪವಿರುವಂಥವು. ವಿಜ್ಞಾನಿಗಳು ಇವನ್ನು ಮೈಕ್ರೋವಿಲೈ ಎನ್ನುತ್ತಾರೆ. ಈ ಲೇಖನದಲ್ಲಿ ಕಿರುಚಾಚುಗಳೆಂದು ಕರೆಯೋಣ.

ಬರ್ಲಿನ್ನಿನಲ್ಲಿ ಮಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕ ಎಂಬವರು ೧೯೩೧ರಲ್ಲಿ ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳ ಪ್ರವಾಹವನ್ನೂ, ಗಾಜಿನ ಮಸೂರಕ್ಕೆ ಬದಲಾಗಿ ಕಾಂತಕ್ಷೇತ್ರವನ್ನೂ ಬಳಸಿ ಹೊಸ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ಒಂದು ಲಕ್ಷ ವೋಲ್ಟಿನಲ್ಲಿ ಓಡುವ ಎಲೆಕ್ಟ್ರಾನಿನ ಅಲೆಯುದ್ದವು ಹಸಿರು ಬೆಳಕಿನದರ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ. ರುಸ್ಕನಿಗೆ ಈ ಕಾರ್ಯಕ್ಕಾಗಿ ನೊಬೆಲ್ ಪಾರಿತೋಷಕವು ೧೯೮೬ರಲ್ಲಿ, ಎಂದರೆ ೫೫ ವರ್ಷಗಳ ಅನಂತರ, ದೊರೆಯಿತು.

ಈ ಮೊದಲ ಬಗೆಯ ಉಪಕರಣದಲ್ಲಿ ಎಲೆಕ್ಟ್ರಾನುಗಳು ವಸ್ತುವನ್ನು ತೂರಿಕೊಂಡು ಹೋಗಬೇಕು. ಆದುದರಿಂದ ಕಣವನ್ನು ಮೈಕ್ರಾನಿನ ಹತ್ತರಲ್ಲೊಂದು ಪಾಲಿಗಿಂತಲೂ ತೆಳುವಾದ ಹೋಳುಗಳಾಗಿ ಕತ್ತರಿಸಬೇಕಾಗುತ್ತದೆ. ಒಂದೇ ಕಣದಿಂದ ಇಂಥ ಹೋಳುಗಳು ನೂರರ ಸುಮಾರಿಗೆ ಬರುತ್ತವೆ. ಹೋಳಿನ ಅಂಚಿನಲ್ಲಿ ಬೆರಳಿನಂಥ ಆಕಾರವೊಂದು ಕಂಡಿತೆನ್ನೋಣ. ಅದು ನಿಜವಾಗಿಯೂ ಬೆರಳೇ, ಅಥವಾ ಹೊಲದ ಬದುವಿನಂತೆ ಉದ್ದಕ್ಕೂ ಹಬ್ಬಿದ ಏಣೊಂದನ್ನು ಅಡ್ಡಲಾಗಿ ಕತ್ತರಿಸಿದಾಗ ಕಂಡ ರೂಪವೇ? ಒಂದು ಹೋಳನ್ನು ನೋಡಿ ಇದನ್ನು ತೀರ್ಮಾನಿಸಲಾಗದು. ಲಿಂಫೋಸೈಟಿನ ಮೈಮೇಲೆ ಇರುವುದು ಬಹುತೇಕ ಬೆರಳುಗಳು, ನ್ಯೂಟ್ರೋಫಿಲಿನ ಮೈಮೇಲೆ ಇರುವುದು ಬಹುತೇಕ ಏಣುಗಳು ಮತ್ತು ಮಡಿಕೆಗಳು. ಹೋಳಿನಲ್ಲಿ ಮಾತ್ರ ಎರಡೂ ಒಂದೇ ತೆರನಾಗಿ ಕಾಣಬಲ್ಲವು.

ಈ ತೊಡಕಿಗೆ ಪರಿಹಾರವಾಗಿ ಬಂದ ಒಂದು ಉಪಾಯವು ಶಾಸನಗಳ ಅಭ್ಯಾಸಿಗಳಿಗೆ ಕೂಡಲೇ ಪರಿಚಿತವೆನಿಸುತ್ತದೆ. ವಸ್ತುವಿನ ಮೇಲೆ ಓರೆಯಾಗಿ ಲೋಹದ ಆವಿಯನ್ನು ಬೀಳಿಸಿ, ಇಂಗಾಲದ ತೆಳುವಾದ ಪೊರೆಯನ್ನು ಕಟ್ಟಿಸಿ, ಅಡಿಯ ವಸ್ತುವನ್ನು ಕರಗಿಸಿಬಿಟ್ಟು, ಉಳಿದ ಪೊರೆಯನ್ನು ಮಾತ್ರ ನೋಡುವುದು ಆ ಉಪಾಯ. ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಒಂದರಲ್ಲಿ: ಇಲ್ಲಿ ಪಡಿಯಚ್ಚು ತೆಗೆದ ಮೇಲೆ ಕಲ್ಲು ಉಳಿಯುವುದಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಮೇಲ್ಮೈಯನ್ನು ಇಡಿಯಾಗಿ ತೋರಿಸಿದ್ದು ಎರಡನೆಯ ಬಗೆಯ ಉಪಕರಣ, ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಮಾನ್‌ಫ್ರೆಡ್ ಫಾನ್ ಆರ್ಡೆನ್ ೧೯೩೦ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಇದಕ್ಕೆ ಅಡಿಪಾಯ ಹಾಕಿದನು. ಆತನ ಪ್ರಯೋಗಶಾಲೆ ೧೯೪೪ರ ವಿಮಾನದಾಳಿಯಲ್ಲಿ ನಾಶವಾಯಿತು. ೧೯೪೮ರಿಂದ ಕೇಂಬ್ರಿಜ್ಜಿನಲ್ಲಿ ಚಾರ್ಲ್ಸ್ ಓಟ್ಲಿ ಮತ್ತು ಆತನ ಶಿಷ್ಯರು ತಾಳ್ಮೆಯಿಂದ ಕೆಲಸ ಮಾಡಿದ ಫಲವಾಗಿ ೧೯೬೫ರಲ್ಲಿ ಸ್ಟೀರಿಯೋಸ್ಕ್ಯಾನ್ ಎಂಬ ಹೆಸರಿನ ಉಪಕರಣವು ಮಾರಾಟಕ್ಕೆ ಬಂದಿತು. ಇದರಲ್ಲಿ ಎಲೆಕ್ಟ್ರಾನುಗಳ ಅತಿ ಸೂಕ್ಷ್ಮವಾದ ಮೊನೆಯು ವಸ್ತುವಿನ ಮೇಲೆ ಉಳುವ ನೇಗಿಲಿನಂತೆ ಸಾಲುಸಾಲಾಗಿ ಹಾಯುತ್ತದೆ. ಮೊನೆ ತಾಗಿದ ಪ್ರತಿಯೊಂದು ಬಿಂದುವಿನಿಂದಲೂ ಮೇಲ್ಪದರದ ಎಲೆಕ್ಟ್ರಾನುಗಳು ಸಿಡಿದು ಹೊರಬೀಳುತ್ತವೆ. ಅವುಗಳ ಸಂಖ್ಯೆ ಹೆಚ್ಚಾದೆಡೆ ತೆರೆಯ ಮೇಲೆ ಬೆಳ್ಳಗೆ, ಕಡಮೆಯಾದೆಡೆ ಕಪ್ಪಗೆ ಚಿತ್ರ ಮೂಡುತ್ತದೆ. ಇಳಿಜಾರುಗಳಿಂದಲೂ ಅಂಚುಗಳಿಂದಲೂ ಹೆಚ್ಚು ಎಲೆಕ್ಟ್ರಾನುಗಳು ಹೊರಬರುವುದರಿಂದ ಆ ಭಾಗಗಳು ಹೊಳೆಯುತ್ತವೆ. ನಾವು ಅದನ್ನು ಬಿಸಿಲಿನಲ್ಲಿ ಬೆಳಗುತ್ತಿರುವ ಗುಡ್ಡವೆಂಬಂತೆ ಓದಿಕೊಳ್ಳುತ್ತೇವೆ. ಅಲ್ಲಿ ಬಿಸಿಲೂ ಇಲ್ಲ, ನೆರಳೂ ಇಲ್ಲ. ಬಣ್ಣವಂತೂ ಇಲ್ಲವೇ ಇಲ್ಲ; ಪುಸ್ತಕಗಳಲ್ಲಿ ಕಾಣುವ ನೀಲಿ ಹಳದಿಗಳು ಅನಂತರ ಬಳಿದುವು.

ಈ ಚಿತ್ರಗಳಲ್ಲಿ ಬಿಳಿಯ ಕಣಗಳನ್ನು ಮೊದಲು ಕಂಡವರಿಗೆ ಎಂಥ ವಿಸ್ಮಯವಾಗಿರಬೇಕು! ಲೇಪದಲ್ಲಿ ಬರಿಯ ಬಣ್ಣದ ಚುಕ್ಕೆಯಾಗಿದ್ದ ಲಿಂಫೋಸೈಟು ಕುಸುಮಗಳೆದ್ದ ಕದಂಬದ ಹೂವಿನಂತೆ ನಿಂತಿತು. ಮಾನೋಸೈಟಿನ ಮೈಮೇಲೆ ಸೆರಗಿನ ನಿರಿಗೆಗಳಂಥ ಅಲೆಗಳು ಕಂಡುವು.

ಆದರೆ ಹೀಗೆ ಕಾಣಿಸಿಕೊಳ್ಳುವ ಮುನ್ನ ಕಣವು ಏನೇನನ್ನು ಅನುಭವಿಸಿ ಬಂದಿದೆ ಎಂಬುದನ್ನು ವಿಚಾರಿಸಬೇಕು. ಉಪಕರಣದ ಒಳಗೆ ಗಾಳಿಯಿಲ್ಲ. ಅಲ್ಲಿ ಒದ್ದೆಯ ವಸ್ತುವು ಕುದಿದು ಕುಸಿದುಹೋಗುತ್ತದೆ. ಕಣವೋ, ಬಹುಪಾಲು ನೀರು. ಆದುದರಿಂದ ಮೊದಲು ರಕ್ತದಿಂದ ಬಿಳಿಯ ಕಣಗಳನ್ನು ಬೇರ್ಪಡಿಸಿ ತೊಳೆಯುತ್ತಾರೆ. ಆಮೇಲೆ ಗ್ಲೂಟರಾಲ್ಡಿಹೈಡ್ ಎಂಬ ದ್ರಾವಣದಿಂದ ಅದರ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಇದ್ದ ಭಂಗಿಯಲ್ಲಿಯೇ ಬಿಗಿಯುವಂತೆ ಮಾಡುತ್ತಾರೆ. ಇದಕ್ಕೆ ಸ್ಥಿರೀಕರಣವೆಂದು ಹೆಸರು. ಈ ದ್ರಾವಣದ ಗುಣವನ್ನು ತೋರಿಸಿಕೊಟ್ಟದ್ದು ೧೯೬೩ರಲ್ಲಿ ಸಬಾಟಿನಿ, ಬೆನ್ಷ್, ಬಾರ್ನೆಟ್ ಎಂಬವರು. ಆ ಬಳಿಕ ನೀರನ್ನು ಕ್ರಮಕ್ರಮವಾಗಿ ಆಲ್ಕೊಹಾಲಿನಿಂದ ತೆಗೆಯುತ್ತಾರೆ. ಕೊನೆಗೆ ಆ ದ್ರವವನ್ನೂ ಹೋಗಲಾಡಿಸಿ ಒಣಗಿಸಬೇಕು. ಇಲ್ಲಿಯೇ ದೊಡ್ಡ ಅಪಾಯ. ದ್ರವವು ಆವಿಯಾಗಿ ಹಿಂದೆಗೆಯುವಾಗ ಅದರ ಮೇಲ್ಮೈಯ ಎಳೆತವು ಕಿರುಚಾಚುಗಳನ್ನು ಮಲಗಿಸಿ ಮೈಗೆ ಅಂಟಿಸಿಬಿಡುತ್ತದೆ. ನೀರಿನಿಂದ ಎತ್ತಿದ ಕುಂಚದ ಕೂದಲು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಯಾರೂ ನೋಡಬಹುದು.

ಈ ಅಪಾಯವನ್ನು ತಪ್ಪಿಸುವ ಬಗೆಯನ್ನು ಥಾಮಸ್ ಆಂಡರ್ಸನ್ ಎಂಬ ಅಮೆರಿಕದ ವಿಜ್ಞಾನಿಯು ೧೯೫೧ರಲ್ಲಿ ಪ್ರಕಟಿಸಿದನು. ಆಲ್ಕೊಹಾಲಿನ ಜಾಗಕ್ಕೆ ದ್ರವರೂಪದ ಇಂಗಾಲದ ಡೈಆಕ್ಸೈಡನ್ನು ತುಂಬಿ, ಮುಚ್ಚಿದ ಪಾತ್ರೆಯಲ್ಲಿ ೩೧ ಡಿಗ್ರಿ ಉಷ್ಣತೆಯನ್ನೂ ವಾಯುಮಂಡಲದ ೭೩ರಷ್ಟು ಒತ್ತಡವನ್ನೂ ದಾಟಿಸಿದರೆ ದ್ರವಕ್ಕೂ ಅನಿಲಕ್ಕೂ ನಡುವಣ ಎಲ್ಲೆಯೇ ಅಳಿಸಿಹೋಗುತ್ತದೆ. ಎಲ್ಲೆಯಿಲ್ಲದ ಮೇಲೆ ಎಳೆತವೆಲ್ಲಿಯದು? ಆಮೇಲೆ ಅನಿಲವನ್ನು ಮೆಲ್ಲನೆ ಹೊರಬಿಟ್ಟರೆ ಕಣವು ಒಣಗಿಯೂ ನಿಂತ ಭಂಗಿಯಲ್ಲಿಯೇ ನಿಂತಿರುತ್ತದೆ. ಇದನ್ನು ಕ್ರಿಟಿಕಲ್ ಪಾಯಿಂಟ್ ಒಣಗಿಸುವಿಕೆ ಎನ್ನುತ್ತಾರೆ. ಅದರ ಮೇಲೆ ಚಿನ್ನದ ತೆಳುವಾದ ಲೇಪವನ್ನು ಕೊಟ್ಟರೆ ಕಣವು ಚಿತ್ರಕ್ಕೆ ಸಿದ್ಧ. ಇಷ್ಟಾದರೂ ಕಣವು ಗಣನೀಯವಾಗಿ ಕುಗ್ಗಿರುತ್ತದೆ. ನಾವು ನೋಡುತ್ತಿರುವುದು ತೊಳೆದ, ಬಿಗಿದ, ಒಣಗಿಸಿದ, ಚಿನ್ನ ಹೊದಿಸಿದ ಒಂದು ಶವವನ್ನು.

ಈಗ ಮೊದಲು ಹೇಳಿದ ವಾದಕ್ಕೆ ಬರೋಣ. ಲಿಂಫೋಸೈಟುಗಳಲ್ಲಿ ಎರಡು ವರ್ಗಗಳಿವೆಯೆಂದು ೧೯೬೦ರ ದಶಕದಲ್ಲಿ ಸ್ಥಿರಪಟ್ಟಿತ್ತು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುವುವು ಟಿ ಕಣಗಳು. ಪ್ರತಿಕಾಯಗಳನ್ನು ತಯಾರಿಸುವ ವಂಶಕ್ಕೆ ಸೇರಿದುವು ಬಿ ಕಣಗಳು. ಬಣ್ಣದ ಲೇಪದಲ್ಲಿ ಎರಡೂ ಅವಳಿಗಳಂತೆ ಒಂದೇ ರೂಪ. ಇವನ್ನು ಬೇರ್ಪಡಿಸುವುದು ಕೇವಲ ಕುತೂಹಲದ ವಿಷಯವಾಗಿರಲಿಲ್ಲ. ರಕ್ತದ ಕ್ಯಾನ್ಸರ್ ಬಿ ವಂಶದ್ದೋ ಟಿ ವಂಶದ್ದೋ ಎಂಬುದರ ಮೇಲೆ ರೋಗದ ಗತಿಯೂ ಚಿಕಿತ್ಸೆಯ ಆಯ್ಕೆಯೂ ನಿಲ್ಲತೊಡಗಿದ್ದುವು. ಹೀಗಿರಲು ೧೯೭೩ರಲ್ಲಿ ನ್ಯೂಯಾರ್ಕಿನ ಪೋಲಿಯಾಕ್, ಡಿ ಹಾರ್ವೆನ್ ಮೊದಲಾದವರ ತಂಡವು ಒಂದು ಪ್ರಬಂಧವನ್ನು ಪ್ರಕಟಿಸಿತು. ಅದರ ಪ್ರಕಾರ ಬಿ ಕಣಗಳ ಮೈ ಬಹುಮಟ್ಟಿಗೆ ಕಿರುಚಾಚುಗಳಿಂದ ತುಂಬಿರುತ್ತದೆ, ಟಿ ಕಣಗಳ ಮೈ ಹೆಚ್ಚುಕಡಮೆ ನಯವಾಗಿರುತ್ತದೆ. ಎಂದರೆ ಚಿತ್ರವನ್ನು ನೋಡಿಯೇ ವಂಶವನ್ನು ಹೇಳಬಹುದು! ತಂಡವು ಅಸಡ್ಡೆಯಿಂದ ಕೆಲಸ ಮಾಡಿದುದಲ್ಲ. ಒಣಗಿಸುವುದಕ್ಕೆ ಆಂಡರ್ಸನ್ನನ ಕ್ರಮವನ್ನೇ ಅನುಸರಿಸಿತ್ತು. ಟಿ ಕಣಗಳನ್ನು ಗುರುತಿಸಲು ಕುರಿಯ ಕೆಂಪು ಕಣಗಳು ಅವಕ್ಕೆ ಅಂಟುವ ಗುಣವನ್ನು ಬಳಸಿಕೊಂಡಿತ್ತು. ಅನೇಕ ಪ್ರಯೋಗಶಾಲೆಗಳು ಈ ಭೇದವನ್ನು ಉತ್ಸಾಹದಿಂದ ಕೈಗೆತ್ತಿಕೊಂಡುವು.

ಎರಡೇ ವರ್ಷಗಳಲ್ಲಿ ವಿಷಯವು ತಲೆಕೆಳಗಾಯಿತು. ೧೯೭೫ರಲ್ಲಿ ಅಲೆಗ್ಸಾಂಡರ್ ಮತ್ತು ವೆಟ್ಜೆಲ್ ಎಂಬವರು 'ಸೈನ್ಸ್' ಪತ್ರಿಕೆಯಲ್ಲಿ, ಬಿ ಮತ್ತು ಟಿ ಕಣಗಳ ಮೇಲ್ಮೈಗಳು ಒಂದನ್ನೊಂದು ಹೋಲುತ್ತವೆಂದು ಬರೆದರು. ವ್ಯತ್ಯಾಸದ ಬೇರು ಸಿದ್ಧತೆಯ ಕ್ರಮದಲ್ಲಿತ್ತು. ಕಣಗಳನ್ನು ಸೋಸುಪೊರೆಯ ಮೇಲೆ ಕೂಡಿಸಿ ಅನಂತರ ಸ್ಥಿರೀಕರಿಸುವುದು ಒಂದು ದಾರಿ. ದ್ರವದಲ್ಲಿ ತೇಲುತ್ತಿರುವಾಗಲೇ ಸ್ಥಿರೀಕರಿಸಿ ಅನಂತರ ಕೂಡಿಸುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಬಂದಾಗ ಎರಡು ವಂಶದ ಕಣಗಳೂ ಕಿರುಚಾಚುಗಳನ್ನು ಹೊತ್ತೇ ಕಾಣಿಸಿಕೊಂಡುವು. ನಯವಾದ ಮೈ ವಂಶದ ಲಕ್ಷಣವಾಗಿರಲಿಲ್ಲ. ಬದುಕಿರುವಾಗಲೇ ಯಾವುದೋ ನೆಲವನ್ನು ಮುಟ್ಟಿದ ಕಣವು ತಳೆಯಬಹುದಾದ ಒಂದು ಸ್ಥಿತಿಯಾಗಿತ್ತು. ಕಿರುಚಾಚುಗಳು ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳಲ್ಲ. ಒಳಗಿರುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಕಟ್ಟಿಕೊಂಡಾಗ ಏಳುತ್ತವೆ, ಬಿಚ್ಚಿಕೊಂಡಾಗ ಇಳಿಯುತ್ತವೆ.

ಎಂ.ಎ. ತರಗತಿಯಲ್ಲಿದ್ದಾಗಿನ ನನ್ನದೇ ಒಂದು ಪ್ರಮಾದವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಶಾಸನವೊಂದರ ಪಡಿಯಚ್ಚಿನಲ್ಲಿ ಒಂದು ಅಕ್ಷರಕ್ಕೆ ದೀರ್ಘವಿದೆಯೆಂದು ಓದಿ, ಆ ದೀರ್ಘದ ಬಲದಿಂದ ಒಬ್ಬ ವ್ಯಕ್ತಿಯ ಹೆಸರನ್ನೇ ಬದಲಾಯಿಸಿ, ಎರಡು ಪುಟಗಳ ಟಿಪ್ಪಣಿಯನ್ನು ಬರೆದಿದ್ದೆನು. ಊರಿಗೆ ಹೋಗಿ ಕಲ್ಲನ್ನು ನೋಡಿದಾಗ ಅದು ದೀರ್ಘವಲ್ಲ, ಬಿರುಕು. ಬೆರಳಾಡಿಸಿದರೆ ಸಾಕು, ಉಳಿಯ ಗೆರೆಗೂ ಬಿರುಕಿಗೂ ಇರುವ ವ್ಯತ್ಯಾಸ ತಿಳಿಯುತ್ತಿತ್ತು. ಟಿಪ್ಪಣಿಯನ್ನು ಹರಿದು ಹಾಕಿದೆನು. ಆದರೆ ರಕ್ತಕಣದ ಶೋಧಕನಿಗೆ ಹೀಗೆ ಹೋಗಿ ಮುಟ್ಟಿ ನೋಡುವ ಕಲ್ಲು ಇಲ್ಲ. ಅವನಿಗೆ ಇರುವುದೆಲ್ಲ ಪಡಿಯಚ್ಚುಗಳೇ. ಒಂದು ಪಡಿಯಚ್ಚಿನ ತಪ್ಪನ್ನು ಬೇರೊಂದು ರೀತಿಯಲ್ಲಿ ತೆಗೆದ ಪಡಿಯಚ್ಚಿನಿಂದಲೇ ಹಿಡಿಯಬೇಕು. ಈ ಕಾರಣದಿಂದ, ೧೯೭೩ರ ಪ್ರಬಂಧವನ್ನು ಬರಿಯ ತಪ್ಪೆಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಅದು ತನ್ನ ಕ್ರಮವನ್ನು ಬರೆದಿಟ್ಟಿದ್ದುದರಿಂದಲೇ ಇತರರು ಒಂದು ಹೆಜ್ಜೆಯನ್ನು ಬದಲಿಸಿ ಪರೀಕ್ಷಿಸುವುದು ಸಾಧ್ಯವಾಯಿತು.

ಬಿ ಮತ್ತು ಟಿ ವಂಶಗಳನ್ನು ಗುರುತಿಸುವ ಕೆಲಸವನ್ನು ಮುಂದೆ ಬೇರೆ ವಿಧಾನವು ವಹಿಸಿಕೊಂಡಿತು. ಕೋಲರ್ ಮತ್ತು ಮಿಲ್‌ಸ್ಟೈನ್ ೧೯೭೫ರಲ್ಲಿಯೇ ಪ್ರಕಟಿಸಿದ ಏಕವಂಶ ಪ್ರತಿಕಾಯಗಳು ಮೇಲ್ಮೈಯ ಒಂದೊಂದು ಅಣುವನ್ನೂ ಆರಿಸಿ ಹಿಡಿಯಬಲ್ಲುವು. ಇಂದು ರೋಗನಿರ್ಣಯಕ್ಕೆ ಆಧಾರವಾಗಿರುವುದು ಆಕಾರವಲ್ಲ, ಈ ಅಣುಗಳು.

ಹಾಗಾದರೆ ಎಲೆಕ್ಟ್ರಾನ್ ಚಿತ್ರಗಳಿಂದ ಉಳಿದುದೇನು? ಬಹಳಷ್ಟು ಉಳಿದಿದೆ. ಅದರಲ್ಲಿಯೂ ಬೇರೊಂದು ಸಾಕ್ಷಿಯು ಜೊತೆಗೂಡಿದ ಕಡೆಗಳಲ್ಲಿ ದೃಢವಾಗಿ ಉಳಿದಿದೆ. ೧೯೫೮ರಲ್ಲಿ ಬೂರಾಂಕ್ಲ್ ಮತ್ತು ಸಂಗಡಿಗರು ವಿವರಿಸಿದ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಈಗ ಹೇರಿ ಸೆಲ್ ಲುಕೀಮಿಯ, ಎಂದರೆ ಕೂದಲುಳ್ಳ ಕಣಗಳ ರೋಗ, ಎಂದು ಹೆಸರು. ಆ ಹೆಸರಿಗೆ ಕಾರಣವಾದ ಕೂದಲನ್ನು ಶ್ರೆಕ್ ಮತ್ತು ಡಾನಲಿ ೧೯೬೬ರಲ್ಲಿ ವರ್ಣಿಸಿದ್ದು ಜೀವಂತ ಕಣಗಳಲ್ಲಿ, ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ. ಸ್ಕ್ಯಾನಿಂಗ್ ಚಿತ್ರಗಳು ಅನಂತರ ಅಲ್ಲಿ ಉದ್ದನೆಯ ಚಾಚುಗಳನ್ನೂ ಅಗಲವಾದ ನಿರಿಗೆಗಳನ್ನೂ ತೋರಿಸಿದಾಗ, ಅವು ಒಣಗಿಸುವುದರಿಂದ ಹುಟ್ಟಿದ ವಿಕಾರಗಳೆಂದು ಶಂಕಿಸುವುದಕ್ಕೆ ಎಡೆಯಿರಲಿಲ್ಲ. ನ್ಯೂಟ್ರೋಫಿಲಿನ ಮಡಿಕೆಗಳ ವಿಷಯವೂ ಹಾಗೆಯೇ. ಕಣದ ಪೊರೆಯನ್ನು ಹಿಗ್ಗಿಸಿದರೆ ಅದು ಶೇಕಡ ಕೆಲವೇ ಪಾಲು ಹಿಗ್ಗಿ ಹರಿದುಹೋಗುತ್ತದೆ. ಆದರೂ ಈ ಕಣವು ಕಿರಿದಾದ ಸಂದಿಗಳಲ್ಲಿ ನುಸುಳುತ್ತದೆ, ರೋಗಾಣುವನ್ನು ಸುತ್ತಿ ನುಂಗುತ್ತದೆ. ಅದಕ್ಕೆ ಬೇಕಾದ ಪೊರೆಯನ್ನು ಅದು ಮಡಿಕೆಗಳಲ್ಲಿ ಕೂಡಿಟ್ಟಿರುತ್ತದೆ. ನಯವಾದ ಗೋಳಕ್ಕೆ ಬೇಕಾಗುವುದರ ಸುಮಾರು ಎರಡರಷ್ಟು ಪೊರೆ ಅದರಲ್ಲಿದೆಯೆಂದು ಕಣಗಳನ್ನು ಗಾಜಿನ ಸೂಕ್ಷ್ಮನಳಿಕೆಗಳಿಂದ ಹೀರಿ ಅಳೆದವರೂ ಕಂಡುಕೊಂಡರು.

ಎಲ್ಲಕ್ಕಿಂತ ಸುಂದರವಾದ ಪ್ರಕರಣವು ೧೯೯೦ರ ದಶಕದ್ದು. ಪ್ರತಿಕಾಯಕ್ಕೆ ಚಿನ್ನದ ಸೂಕ್ಷ್ಮ ಕಣವನ್ನು ಅಂಟಿಸಿ, ಅದು ಮೇಲ್ಮೈಯ ಯಾವ ಎಡೆಯಲ್ಲಿ ಕುಳಿತಿದೆಯೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದರೆ ಬೇಕಾದ ಅಣುವಿನ ವಿಳಾಸವು ದೊರೆಯುತ್ತದೆ. ೧೯೯೩ರಲ್ಲಿ ಅರ್ಲಾಂಡ್ಸೆನ್ ಮತ್ತು ಸಂಗಡಿಗರು ನ್ಯೂಟ್ರೋಫಿಲ್‌ಗಳಲ್ಲಿ ಹೀಗೆ ಹುಡುಕಿದಾಗ, ನಾಳದ ಗೋಡೆಯನ್ನು ಮೊದಲು ಹಿಡಿಯುವ ಎಲ್-ಸೆಲೆಕ್ಟಿನ್ ಎಂಬ ಅಣುವು ಚಾಚುಗಳ ಮೇಲೆ ಗುಂಪುಗೂಡಿತ್ತು. ಆಮೇಲೆ ಬಿಗಿಯಾಗಿ ಅಂಟಿಸುವ ಇಂಟೆಗ್ರಿನ್ ಅಣುವು ಚಾಚುಗಳ ನಡುವಣ ಮೈಮೇಲೆ ಇತ್ತು. ಮೊದಲು ಕೈ ಚಾಚಿ ಹಿಡಿಯುವುದು, ಆಮೇಲೆ ಮೈಯೊತ್ತಿ ನಿಲ್ಲುವುದು. ಹಂಚಿಕೆಯು ಕೆಲಸದ ಕ್ರಮಕ್ಕೆ ತಕ್ಕಂತಿದೆ. ಆದರೆ ಇದೂ ಚಿತ್ರವೇ ತಾನೆ? ೧೯೯೫ರಲ್ಲಿ ಫಾನ್ ಆಂಡ್ರಿಯಾನ್ ಮೊದಲಾದವರು ಚಿತ್ರವನ್ನು ಪರೀಕ್ಷೆಗೆ ಒಡ್ಡಿದರು. ಅಣುವಿನ ಬುಡವನ್ನು ಬದಲಿಸಿ, ಎಲ್-ಸೆಲೆಕ್ಟಿನ್ನಿನ ಹಿಡಿಯುವ ಭಾಗವು ಚಾಚಿನ ಬದಲು ಕಣದ ಮೈಮೇಲೆ ನೆಲಸುವಂತೆ ಮಾಡಿದರು. ನಿಂತ ದ್ರವದಲ್ಲಿ ಆ ಕಣಗಳು ಮೊದಲಿನಂತೆಯೇ ಅಂಟಿದುವು. ಹರಿಯುವ ದ್ರವದಲ್ಲಿ ಮಾತ್ರ ಗೋಡೆಯನ್ನು ಹಿಡಿಯುವ ಅವುಗಳ ಸಾಮರ್ಥ್ಯ ಬಹಳವಾಗಿ ಕುಂದಿತು. ಶವದಲ್ಲಿ ಕಂಡ ವಿಳಾಸವು ಜೀವಂತ ಕಣದ ನಡತೆಯಲ್ಲಿ ಸರಿಯೆಂದು ತೋರಿತು. ಕಲ್ಲಿಲ್ಲದವನಿಗೆ ಕಲ್ಲಿನ ಸ್ಥಾನದಲ್ಲಿ ದೊರೆತದ್ದು ಈ ಪ್ರಯೋಗ.

ಪರೀಕ್ಷೆಯಲ್ಲಿ ನಿಲ್ಲದ ಚಿತ್ರಗಳೂ ಉಂಟು. ವಿಸ್ಕಾಟ್-ಆಲ್ಡ್ರಿಚ್ ಎಂಬ, ಗಂಡುಮಕ್ಕಳನ್ನು ಪೀಡಿಸುವ ಆನುವಂಶಿಕ ರೋಗದಲ್ಲಿ ಲಿಂಫೋಸೈಟುಗಳು ಬೋಳಾಗಿರುತ್ತವೆಂದು ೧೯೮೦ರ ದಶಕದಲ್ಲಿ ವರದಿಯಾಗಿ, ಅದು ರೋಗದ ಒಂದು ಗುರುತೆಂದು ಪರಿಗಣಿತವಾಯಿತು. ೨೦೦೪ರಲ್ಲಿ ಮಜ್ಸ್ಟೊರಾವಿಚ್ ಮತ್ತು ಸಂಗಡಿಗರು ಎಚ್ಚರಿಕೆಯಿಂದ ಸಿದ್ಧಪಡಿಸಿ ನೋಡಿದಾಗ, ಆ ರೋಗದಲ್ಲಿ ಕೊರತೆಯಾಗುವ ಪ್ರೋಟೀನು ಇಲ್ಲದಿದ್ದರೂ ಕಿರುಚಾಚುಗಳು ಎಂದಿನಂತೆಯೇ ಇದ್ದುವು. ೧೯೭೫ರ ಪಾಠವು ಮೂವತ್ತು ವರ್ಷಗಳ ಬಳಿಕ ಮತ್ತೊಮ್ಮೆ ಕಲಿಯಬೇಕಾಗಿ ಬಂದಿತೆಂಬುದು ಚರಿತ್ರೆಯನ್ನು ಓದುವವರಿಗೆ ಆಶ್ಚರ್ಯದ ವಿಷಯವೇನೂ ಅಲ್ಲ.

ನಮ್ಮ ಕಾಲೇಜುಗಳ ಗೋಡೆಗಳ ಮೇಲೂ ಪಠ್ಯಗಳಲ್ಲಿಯೂ ಇಂಥ ಚಿತ್ರಗಳು ಈಗ ಸಾಮಾನ್ಯವಾಗಿವೆ. ಅವುಗಳ ಕೆಳಗೆ ಎಷ್ಟು ಸಾವಿರ ಪಟ್ಟು ಹಿಗ್ಗಿಸಿದೆಯೆಂದು ಬರೆದಿರುತ್ತಾರೆ. ಯಾವ ಘಟ್ಟದಲ್ಲಿ ಸ್ಥಿರೀಕರಿಸಿದರು, ಹೇಗೆ ಒಣಗಿಸಿದರು ಎಂಬುದನ್ನು ಬರೆದಿರುವುದು ವಿರಳ. ಶಾಸನದ ಪಡಿಯಚ್ಚನ್ನು ಊರು, ಸ್ಥಳ, ತೆಗೆದ ದಿನ ಇವಾವುದೂ ಇಲ್ಲದೆ ವಿದ್ಯಾರ್ಥಿಯ ಕೈಗೆ ಕೊಡುವ ಅಧ್ಯಾಪಕರು ನಮ್ಮಲ್ಲಿ ಯಾರೂ ಇರಲಾರರು.

ಈಚೆಗೆ ಜೀವಂತ ಕಣವನ್ನೇ ಬೆಳಕಿನ ತೆಳುವಾದ ಹಾಳೆಯಿಂದ ಬೆಳಗಿ ಕ್ಷಣಕ್ಷಣವೂ ಚಿತ್ರಿಸುವ ಸೂಕ್ಷ್ಮದರ್ಶಕಗಳು ಬಂದಿವೆ. ೨೦೧೭ರಲ್ಲಿ ಕ್ಯಾಲಿಫೋರ್ನಿಯದ ಶೋಧಕರು ಅಂಥದೊಂದರಿಂದ ಟಿ ಕಣಗಳನ್ನು ನೋಡಿದರು. ಒಂದು ಕಾಲಕ್ಕೆ ನಯವೆಂದು ಹೆಸರಾಗಿದ್ದ ಆ ಕಣದ ಕಿರುಚಾಚುಗಳು ಎದುರಿನ ಕಣದ ಮೈಮೇಲೆ ಎಡೆಬಿಡದೆ ಸರಿದಾಡುತ್ತ, ಒಂದು ನಿಮಿಷದಲ್ಲಿ ಅದರ ಶೇಕಡ ೯೮ರಷ್ಟು ಭಾಗವನ್ನು ತಡವಿ ನೋಡುತ್ತಿದ್ದುವು.